ಯೋಗದ ಚಾಪೆ, ಹಾಜರಿ ಯಂತ್ರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಎಚ್‌ಆರ್ ಕಡೆಯವರು ಕೇಳುವುದು ಹೀಗೆ: 'ನಮ್ಮಲ್ಲಿ ಯೋಗ ಕ್ಲಾಸ್ ಇದೆ, ಕೌನ್ಸೆಲರ್ ಇದ್ದಾರೆ, ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡಿಸುತ್ತೇವೆ. ಆದರೂ ಜನ ನಿಲ್ಲುತ್ತಿಲ್ಲ. ಸರ್ವೆ ಮಾಡಿದರೆ ಒತ್ತಡ, ಒತ್ತಡ ಅನ್ನುತ್ತಾರೆ. ಇನ್ನೇನು ಮಾಡಬೇಕು ಹೇಳಿ.' ಕೆಲಸಕ್ಕೆ ಹೋಗುವವರ ಪತ್ರದಲ್ಲಿ ಅದೇ ಪ್ರಶ್ನೆ ಬೇರೆ ದನಿಯಲ್ಲಿ ಇರುತ್ತದೆ: 'ಒಳ್ಳೇ ಕಂಪನಿ ಅಂತ ಎಲ್ಲರೂ ಹೇಳ್ತಾರೆ ಸಾರ್. ಆದ್ರೆ ಭಾನುವಾರ ಸಾಯಂಕಾಲ ಆದ್ರೆ ಸಾಕು, ನಂಗೆ ಹೊಟ್ಟೇಲಿ ಸಂಕಟ ಶುರುವಾಗುತ್ತೆ. ತಪ್ಪು ನಂದೇನಾ?'

ಎರಡು ಪತ್ರಕ್ಕೂ ನನ್ನ ಉತ್ತರ ಒಂದೇ. ಪೀಣ್ಯದ ಕಡೆ ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ ಕೂತು, ಅದೇ ಕೋಣೆಗೆ ಎಚ್‌ಆರ್ ಎಂಬ ಹೊಸ ಬೋರ್ಡ್ ಬಿದ್ದಾಗಲೂ ಅಲ್ಲೇ ಇದ್ದು, ಈಗ ಹೊರಗೆ ನಿಂತು ನೋಡುವವನಿಗೆ ಕಾಣುವುದು ಇಷ್ಟು: ಕೆಲಸಗಾರರಿಗೆ ನೆಮ್ಮದಿ ಕೊಡುವುದೂ ಅದನ್ನು ಕಸಿಯುವುದೂ ಎಚ್‌ಆರ್‌ನ ಬೇಸರದ ಕೆಲಸಗಳೇ. ಹಾಜರಿ, ಶಿಫ್ಟ್ ಪಟ್ಟಿ, ರಜೆ ಮಂಜೂರಿ, ಸಂಬಳದ ಚೀಟಿ, ಯಾರನ್ನು ಯಾರ ಮೇಲೆ ಸೂಪರ್‌ವೈಸರ್ ಮಾಡುತ್ತೀರಿ ಎಂಬ ತೀರ್ಮಾನ. ಇವು ಫೋಟೊಗೆ ಚೆನ್ನಾಗಿ ಬರುವುದಿಲ್ಲ, ವಾರ್ಷಿಕ ವರದಿಯ ಬಣ್ಣದ ಪುಟದಲ್ಲಿ ಇವಕ್ಕೆ ಜಾಗವಿಲ್ಲ. ಯೋಗದ ಚಾಪೆಯ ಮೇಲೆ ಸಾಲಾಗಿ ಕೂತ ಸಿಬ್ಬಂದಿಯ ಚಿತ್ರ ಚೆನ್ನಾಗಿ ಬರುತ್ತದೆ.

ಯೋಗದ ಮೇಲೆ ನನಗೆ ಜಗಳವಿಲ್ಲ. ಆದರೆ ಆಫೀಸಿನ ಇಂಥ ಕಾರ್ಯಕ್ರಮಗಳಿಂದ ಏನಾಗುತ್ತದೆ ಎಂದು ಗಂಭೀರವಾಗಿ ನೋಡಿದವರಿದ್ದಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ಇಟ್ಟುಕೊಂಡು 2024ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಒತ್ತಡ ನಿಭಾಯಿಸುವ ತರಬೇತಿ, ಧ್ಯಾನದ ಕ್ಲಾಸು, ನಿದ್ದೆಯ ಆ್ಯಪು ಇಂಥವುಗಳಲ್ಲಿ ಭಾಗವಹಿಸಿದವರಿಗೂ ಭಾಗವಹಿಸದವರಿಗೂ ಮನಸ್ಸಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಸ್ವಯಂಸೇವೆಯ ಕೆಲಸಕ್ಕೆ ಹೋದವರು ಮಾತ್ರ ಸ್ವಲ್ಪ ಮೇಲಿದ್ದರು. ಒಂದೇ ಕಾಲದಲ್ಲಿ ಎರಡು ಗುಂಪನ್ನು ಹೋಲಿಸುವ ಇಂಥ ಅಧ್ಯಯನಕ್ಕೆ ಮಿತಿ ಇದ್ದೇ ಇದೆ. ಈಗಾಗಲೇ ಸೋತವರೇ ಹೆಚ್ಚಾಗಿ ಆ ಕ್ಲಾಸಿಗೆ ಹೋಗಿರಬಹುದಲ್ಲ ಎಂದು ಕೇಳಬಹುದು. ಆದರೂ, ಮನುಷ್ಯನನ್ನು ರಿಪೇರಿ ಮಾಡಿ ಅದೇ ಕೆಲಸಕ್ಕೆ ವಾಪಸ್ ಕಳಿಸುವ ಬದಲು ಕೆಲಸವನ್ನೇ ಸರಿಮಾಡಬಾರದೇಕೆ ಎಂಬ ಅವರ ವಾದ ನನಗೆ ಒಪ್ಪಿಗೆಯಾಗುತ್ತದೆ.

ಬೇಸರದ ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ದಾಂಧಲೆಯಾಯಿತು. ಗಾಜು ಪುಡಿಯಾದವು, ವಾಹನಗಳು ಉರುಳಿದವು. ಟಿವಿಯಲ್ಲಿ ಕೆಲವು ದಿನ ಪಿತೂರಿ ಯಾರದ್ದು ಎಂಬ ಚರ್ಚೆ ನಡೆಯಿತು. ಆಮೇಲೆ ಬಂದ ಕಾರ್ಖಾನೆಗಳ ಇಲಾಖೆಯ ಪರಿಶೀಲನಾ ವರದಿಯಲ್ಲಿ ಇದ್ದದ್ದು ಮಾತ್ರ ಟೈಮ್ ಆಫೀಸಿನ ಸಂಗತಿಗಳು. ಐದು ಸಾವಿರ ಜನರಿಗೆ ಅನುಮತಿ ಇದ್ದ ಕಡೆ ಅಲ್ಪಾವಧಿಯಲ್ಲೇ ಕೆಲಸಗಾರರು 10,500 ಆಗಿದ್ದರು. ಅದಕ್ಕೆ ತಕ್ಕಂತೆ, ಕಾರ್ಮಿಕ ಕಾನೂನು ಬಲ್ಲ ಎಚ್‌ಆರ್ ಸಿಬ್ಬಂದಿ ಇರಲಿಲ್ಲ. ಶಿಫ್ಟ್ ಅವಧಿ ಹನ್ನೆರಡು ಗಂಟೆಗೆ ಹೋಗಿತ್ತು. ಅಕ್ಟೋಬರ್‌ನಲ್ಲಿ ಕೈಕೊಟ್ಟ ಹಾಜರಿ ಯಂತ್ರವನ್ನು ಎರಡು ತಿಂಗಳಾದರೂ ಸರಿಮಾಡಿಸಿರಲಿಲ್ಲ. ಕೆಲವರಿಗೆ ಸರಿಯಾದ ಸಂಬಳ ಸರಿಯಾದ ಸಮಯಕ್ಕೆ ಸಿಕ್ಕಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಹಾಜರಿ ಯಂತ್ರ ಕೆಟ್ಟರೆ ಏನು ಮಹಾ ಅನ್ನಿಸಬಹುದು. ಮುಳಬಾಗಿಲಿನ ಕಡೆಯಿಂದಲೋ ಬಂಗಾರಪೇಟೆಯ ಕಡೆಯಿಂದಲೋ ಬಸ್ಸಿನಲ್ಲಿ ಬಂದ ಹುಡುಗನೊಬ್ಬ ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ್ದಾನೆ ಎಂದಿಟ್ಟುಕೊಳ್ಳಿ. ಯಂತ್ರ ಅವನ ಕಾರ್ಡನ್ನು ಹೋಗುವಾಗ ಓದಿಲ್ಲ. ತಿಂಗಳ ಕೊನೆಗೆ ಓಟಿ ಇರಲಿ, ದಿನವೇ ಕಟ್ಟಾಗಿದೆ. ಸೂಪರ್‌ವೈಸರನ್ನು ಕೇಳಿದರೆ 'ನಿನ್ನ ಸಂಬಳ ಕಂಟ್ರಾಕ್ಟರ್ ಕೊಡೋದು, ಅವರನ್ನ ಕೇಳು' ಎನ್ನುತ್ತಾನೆ. ಕಂಟ್ರಾಕ್ಟರ್ ಆಫೀಸಿಗೆ ಫೋನ್ ಮಾಡಿದರೆ 'ಕಂಪನಿ ಕಳ್ಸಿದ ಹಾಜರಿ ಪ್ರಕಾರ ಹಾಕಿದೀವಿ' ಎನ್ನುತ್ತಾರೆ. ಎಚ್‌ಆರ್ ಕೋಣೆಯ ಮುಂದೆ ನಿಂತರೆ ಒಳಗೆ ಇರುವವರು ಇಬ್ಬರು, ಹೊರಗೆ ಸಾಲು. ಶಿಫ್ಟ್ ಬಸ್ಸು ಹೊರಡುತ್ತದೆ. ಮುಂದಿನ ತಿಂಗಳು ಇದೇ ಮತ್ತೆ. ಕಲ್ಲೆತ್ತಿದ್ದು ಸರಿ ಎಂದು ನಾನು ಹೇಳಲಾರೆ. ಆದರೆ ಕಲ್ಲು ಎತ್ತುವ ಮೊದಲು ಆ ಹುಡುಗ ಎಷ್ಟು ಬಾಗಿಲು ತಟ್ಟಿರಬೇಕು ಎಂದು ಲೆಕ್ಕ ಹಾಕುವುದು ಎಚ್‌ಆರ್ ಓದುವವರ ಮೊದಲ ಪಾಠವಾಗಬೇಕು. ಅವನಿಗೆ ಬೇಕಾಗಿದ್ದದ್ದು ಮನಶ್ಶಾಸ್ತ್ರಜ್ಞರ ಸಾಂತ್ವನವಲ್ಲ, ಕೆಲಸ ಮಾಡುವ ಒಂದು ಕಾರ್ಡ್ ರೀಡರ್.

ಕೆಲಸ ಕಷ್ಟದ್ದಾಗಿರುವುದಕ್ಕಿಂತ, ಅದರ ಮೇಲೆ ನಮಗೆ ಹಿಡಿತವೇ ಇಲ್ಲದಿರುವುದು ಜನರನ್ನು ಹೆಚ್ಚು ಸುಸ್ತು ಮಾಡುತ್ತದೆ. ಇದು ನನ್ನ ಸಿದ್ಧಾಂತವಲ್ಲ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಬಿಡಿಸಿ ಹೇಳಿದರು: ಹೊರೆ ಹೆಚ್ಚು, ತೀರ್ಮಾನದ ಅಧಿಕಾರ ಕಡಿಮೆ, ಇವೆರಡೂ ಕೂಡಿದಾಗಲೇ ಆರೋಗ್ಯ ಕೆಡುವುದು. ಲಂಡನ್ನಿನ ಸರ್ಕಾರಿ ಕಚೇರಿಗಳ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನಗಳಲ್ಲಿ ಮೈಕಲ್ ಮಾರ್ಮಟ್ ಮತ್ತು ಸಂಗಡಿಗರಿಗೆ ಕಂಡದ್ದೂ ಅದರ ಇನ್ನೊಂದು ಮುಖ. ಹೃದಯದ ಕಾಯಿಲೆ ಹೆಚ್ಚಾಗಿದ್ದದ್ದು ದೊಡ್ಡ ಸಾಹೇಬರಲ್ಲಿ ಅಲ್ಲ, ಕೆಳಗಿನ ದರ್ಜೆಯವರಲ್ಲಿ. ಬೀಡಿ ಸಿಗರೇಟು, ಕೊಬ್ಬು ಎಲ್ಲವನ್ನೂ ಕಳೆದ ಮೇಲೂ ವ್ಯತ್ಯಾಸ ಉಳಿಯಿತು. ತಮ್ಮ ಕೆಲಸದ ಮೇಲೆ ತಮಗಿರುವ ಹಿಡಿತ ಕಡಿಮೆ ಎಂದವರಲ್ಲಿ ಅಪಾಯ ಹೆಚ್ಚಿತ್ತು. 'ಎಂಡಿಗೆ ಇಲ್ಲದ ಟೆನ್ಷನ್ ನಿನಗೇನಯ್ಯ' ಎನ್ನುವವರು ಇದನ್ನು ಒಮ್ಮೆ ಓದಬೇಕು.

ಹಿಡಿತ ಎಂದ ಕೂಡಲೇ ಎಲ್ಲರನ್ನೂ ಬಾಸ್ ಮಾಡಬೇಕು ಎಂದಲ್ಲ. ಮುಂದಿನ ವಾರ ಯಾವ ಶಿಫ್ಟ್ ಎಂದು ಈ ವಾರವೇ ತಿಳಿದಿರುವುದೂ ಹಿಡಿತವೇ. ನಮ್ಮ ಊರುಗಳ ಆಸ್ಪತ್ರೆ, ಮಾಲ್, ಕಾಲ್‌ಸೆಂಟರ್‌ಗಳಲ್ಲಿ ಎಷ್ಟೋ ಕಡೆ ವಾರದ ಪಟ್ಟಿ ಬರುವುದು ಭಾನುವಾರ ರಾತ್ರಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಬಂದ ಮೇಲೂ ಬುಧವಾರ ಮತ್ತೆ ಬದಲಾಗುತ್ತದೆ. ಮಗುವನ್ನು ಶಾಲೆಯಿಂದ ಕರೆತರಲು ಅತ್ತೆಗೆ ಹೇಳಬೇಕೋ ಪಕ್ಕದ ಮನೆಯವರಿಗೆ ಹೇಳಬೇಕೋ, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕೋ ಬೇಡವೋ, ಯಾವುದೂ ತೀರ್ಮಾನವಾಗುವುದಿಲ್ಲ. ಬದುಕು ಪೂರ್ತಿ 'ನೋಡೋಣ' ಎಂಬ ಒಂದು ಮಾತಿನಲ್ಲಿ ನೇತಾಡುತ್ತಿರುತ್ತದೆ.

ಇದನ್ನು ಸರಿಮಾಡಿದರೆ ನಷ್ಟವಾಗುತ್ತದೆ ಎಂದು ಅಂಗಡಿ ಮಾಲೀಕರು ಹೇಳುತ್ತಾರೆ. ಬಟ್ಟೆ ಮಾರುವ ಗ್ಯಾಪ್ ಕಂಪನಿ 2015-16ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಶಿಕಾಗೊದ 28 ಮಳಿಗೆಗಳಲ್ಲಿ ಸಂಶೋಧಕರ ಜೊತೆ ಸೇರಿ ಇದನ್ನು ಪರೀಕ್ಷೆಗೇ ಒಡ್ಡಿತು. ಪಟ್ಟಿಯನ್ನು ಎರಡು ವಾರ ಮೊದಲೇ ಕೊಡುವುದು, 'ಫೋನ್ ಮಾಡಿದರೆ ಬಾ, ಇಲ್ಲದಿದ್ದರೆ ಬೇಡ' ಎಂಬ ಪದ್ಧತಿ ನಿಲ್ಲಿಸುವುದು ಎಲ್ಲ ಕಡೆ ಜಾರಿಯಾಯಿತು. ಆ ಮಳಿಗೆಗಳಲ್ಲಿ ಕೆಲವನ್ನು ಆರಿಸಿ, ಹೆಚ್ಚು ಕಡಿಮೆ ಒಂದೇ ವೇಳೆಯ ಶಿಫ್ಟ್, ಸಿಬ್ಬಂದಿಯೇ ಪರಸ್ಪರ ಶಿಫ್ಟ್ ಬದಲಿಸಿಕೊಳ್ಳುವ ಅನುಕೂಲ ಇಂಥವನ್ನೂ ಸೇರಿಸಿದರು. ಹಾಗೆ ಆರಿಸಿದ ಮಳಿಗೆಗಳಲ್ಲಿ ಮಾರಾಟ ಶೇ 7ರಷ್ಟು, ದುಡಿಮೆಯ ಉತ್ಪಾದಕತೆ ಶೇ 5ರಷ್ಟು ಏರಿತು. ಆಮೇಲೆ ನೋಡಿದರೆ ಸಿಬ್ಬಂದಿಯ ನಿದ್ದೆಯೂ ಸುಧಾರಿಸಿತ್ತು. ನಿದ್ದೆಯ ಆ್ಯಪ್ ಕೊಡದೆಯೇ. ಅಂಗಡಿಯ ಗಡಿಬಿಡಿಗೆ ಗಿರಾಕಿಗಳು ಕಾರಣ ಎಂದು ಎಲ್ಲರೂ ನಂಬಿದ್ದರಲ್ಲ, ಅದರಲ್ಲಿ ಬಹುಪಾಲು ಹೆಡ್ ಆಫೀಸಿನಿಂದಲೇ ಬರುತ್ತಿದ್ದದ್ದು: ಕೊನೆ ಗಳಿಗೆಯಲ್ಲಿ ಬದಲಾಗುವ ರಿಯಾಯಿತಿ ಮಾರಾಟ, ತಪ್ಪು ದಿನಕ್ಕೆ ಬಂದಿಳಿಯುವ ಸರಕು, ದೊಡ್ಡವರ ದಿಢೀರ್ ಭೇಟಿ.

ಗಾರ್ಮೆಂಟ್ಸ್ ಕಡೆಗೆ ಬರುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ಎಚ್‌ಆರ್ ಪದ್ಧತಿ ಹೆಣ್ಣುಮಕ್ಕಳ ಮೈಮೇಲೆ ಹೇಗೆ ಇಳಿಯುತ್ತದೆ ಎಂದು ನೋಡಲು ಅದಕ್ಕಿಂತ ಸ್ಪಷ್ಟವಾದ ಜಾಗ ಇಲ್ಲ. ಒಂದು ಲೈನ್ ಎಂದರೆ ಉದ್ದಕ್ಕೆ ಜೋಡಿಸಿದ ಹೊಲಿಗೆ ಮಿಷನ್‌ಗಳು. ಒಬ್ಬಳು ಕಾಲರ್, ಒಬ್ಬಳು ತೋಳು, ಇನ್ನೊಬ್ಬಳು ಜೇಬು. ತಲೆಯ ಮೇಲಿನ ಬೋರ್ಡಿನಲ್ಲಿ ಗಂಟೆಗೊಮ್ಮೆ ಬರೆಯುತ್ತಾರೆ: ಟಾರ್ಗೆಟ್ ಎಷ್ಟು, ಆದದ್ದೆಷ್ಟು. ಟೀ ಹೊತ್ತಿಗೆ ಸ್ವಲ್ಪ ಮುಂಚೆ, ಸೂಪರ್‌ವೈಸರ್ ಬೋರ್ಡ್ ನೋಡಿ ಕೆಂಡವಾಗಿರುವಾಗಲೇ ಒಬ್ಬಾಕೆ ಎದ್ದು ಹೋಗುತ್ತಾಳೆ.

'ಸಾರ್, ನಾಳೆ ಒಂದಿನ ರಜ ಬೇಕಿತ್ತು. ಮಗೂಗೆ ಜ್ವರ ಬಿಟ್ಟಿಲ್ಲ.'

'ನಾಳೆ ಶಿಪ್‌ಮೆಂಟ್ ಅಂತ ಗೊತ್ತಿಲ್ವಾ ನಿಂಗೆ? ನಿಮ್ಮನೇಲಿ ಯಾರೂ ಇಲ್ವಾ ನೋಡ್ಕೊಳ್ಳೋಕೆ?'

'ಅತ್ತೆ ಊರಿಗೆ ಹೋಗವ್ರೆ ಸಾರ್.'

'ಹಂಗಾದ್ರೆ ನೀನೂ ಹೋಗು. ನಾಡಿದ್ದು ಬರ್ಬೇಡ.'

ಇಡೀ ಲೈನಿಗೆ ಕೇಳುವ ಹಾಗೆ. ಆಕೆ ವಾಪಸ್ ಬಂದು ಕೂತು ಮಿಷನ್ ಓಡಿಸುತ್ತಾಳೆ. ಮಾರನೆಯ ದಿನ ಹೇಳದೆ ಕೇಳದೆ ರಜೆ ಹಾಕುತ್ತಾಳೆ, ಏಕೆಂದರೆ ಕೇಳಿದರೂ ಬೈಗುಳ, ಕೇಳದಿದ್ದರೂ ಬೈಗುಳ. ಕೇಳದಿದ್ದರೆ ಒಂದು ಸಲದ ಬೈಗುಳವಾದರೂ ಉಳಿಯುತ್ತದೆ. ಎಚ್‌ಆರ್ ಕಡತದಲ್ಲಿ ಅದು 'ಅನಧಿಕೃತ ಗೈರುಹಾಜರಿ' ಎಂದು ದಾಖಲಾಗುತ್ತದೆ. ತಿಂಗಳ ಸಭೆಯಲ್ಲಿ ಗೈರುಹಾಜರಿಯ ಪ್ರಮಾಣ ಹೆಚ್ಚಾಗಿದೆ, ಸಿಬ್ಬಂದಿಗೆ ಜವಾಬ್ದಾರಿಯ ಬಗ್ಗೆ ಒಂದು ತರಬೇತಿ ಇಡೋಣ ಎಂದು ತೀರ್ಮಾನವಾಗುತ್ತದೆ.

ಇದನ್ನು ಸೂಪರ್‌ವೈಸರನ ಕೆಟ್ಟ ಬಾಯಿಯ ಕಥೆ ಎಂದು ಓದುವುದು ಸುಲಭ. ಬಾಯಿ ಕೆಟ್ಟದ್ದೇ, ಸಂಶಯವಿಲ್ಲ. ಆದರೆ ಅವನ ಜಾಗದಲ್ಲಿ ಒಮ್ಮೆ ನಿಂತು ಲೆಕ್ಕ ಹಾಕಿ. ಜೇಬು ಹೊಲಿಯುವವಳು ಬರದಿದ್ದರೆ ಆ ಒಂದು ಮಿಷನ್ನಿನ ಹಿಂದೆ ಬಟ್ಟೆ ರಾಶಿ ಬೀಳುತ್ತದೆ, ಮುಂದಿನವರೆಲ್ಲ ಕೈಕಟ್ಟಿ ಕೂರುತ್ತಾರೆ. ಟಾರ್ಗೆಟ್ ಮಾತ್ರ ಕಡಿಮೆಯಾಗುವುದಿಲ್ಲ. ದಿನವೂ ಒಂದಷ್ಟು ಜನ ಬರುವುದಿಲ್ಲ ಎಂಬುದು ಗೊತ್ತಿರುವ ಸಂಗತಿ. ಎಲ್ಲ ಕೆಲಸ ಬಲ್ಲ ಒಬ್ಬಿಬ್ಬರು ಹೆಚ್ಚುವರಿ ಟೈಲರ್‌ಗಳನ್ನು ಲೈನಿಗೆ ಕೊಡುವುದು ಎಚ್‌ಆರ್ ಮತ್ತು ಉತ್ಪಾದನಾ ವಿಭಾಗದ ಕೆಲಸ. ಕೊಟ್ಟರೆ ಸಂಬಳದ ಖರ್ಚು ಹೆಚ್ಚಾಗಿ ಕಾಣುತ್ತದೆ. ಕೊಡದಿದ್ದರೆ ಆಗುವ ನಷ್ಟ ಯಾವ ಕಾಲಮಿನಲ್ಲೂ ಕಾಣುವುದಿಲ್ಲ. ಆ ಉಳಿತಾಯದ ಬೆಲೆ ಬೈಗುಳದ ರೂಪದಲ್ಲಿ ಆಕೆಯ ಮೇಲೆ ಬೀಳುತ್ತದೆ. ಜೊತೆಗೆ ಆ ಸೂಪರ್‌ವೈಸರ್ ಹಿಂದಿನ ವರ್ಷದವರೆಗೆ ಒಳ್ಳೆಯ ಟೈಲರ್ ಆಗಿದ್ದವನು. ಕೈ ಚುರುಕು ಎಂದು ಮೇಲೆ ಕೂರಿಸಿದರು. ಇಲ್ಲ ಎನ್ನುವುದನ್ನು ಮರ್ಯಾದೆಯಿಂದ ಹೇಳುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ಐಟಿಯಲ್ಲಿ ಚೆನ್ನಾಗಿ ಕೋಡ್ ಬರೆಯುವವನನ್ನು ಮ್ಯಾನೇಜರ್ ಮಾಡುವುದೂ ಇದೇ ಜಾತಿಯ ಬಡ್ತಿ.

ಗಾರ್ಮೆಂಟ್ಸ್ ಬಗ್ಗೆ ಇನ್ನೊಂದು ಮಾತು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಸಾವಿರಾರು ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗೆ ಬಂದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಕಾರಣ. ಎರಡನೆಯ ದಿನವೇ ಕೇಂದ್ರ ಅದನ್ನು ಹಿಂದಕ್ಕೆ ಪಡೆಯಿತು. ಆ ವಾರ ನನಗೆ ಫೋನ್ ಮಾಡಿದ ಎಚ್‌ಆರ್ ಗೆಳೆಯರಿಗೆಲ್ಲ ಒಂದೇ ಆಶ್ಚರ್ಯ: ಪಿಎಫ್‌ಗೆ ಇಷ್ಟು ಸಿಟ್ಟಾ? ತಮ್ಮ ಕಾರ್ಖಾನೆಯ ಟೈಲರ್‌ಗಳಿಗೆ ಪಿಎಫ್ ಎಂದರೆ ಮುಪ್ಪಿನ ದುಡ್ಡಲ್ಲ, ಮಗಳ ಫೀಸು, ಗಂಡನ ಆಸ್ಪತ್ರೆ, ಕೈಸಾಲ, ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವಿನ ತಿಂಗಳ ಬಾಡಿಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪಿಎಫ್ ಫಾರಂಗಳಿಗೆ ವರ್ಷಗಟ್ಟಲೆ ಸೀಲ್ ಹಾಕಿದವರು ಅವರೇ. ಹೊಲಿಗೆ ಕೆಲಸದಲ್ಲಿ ಐವತ್ತೆಂಟರವರೆಗೆ ಇರುವವರು ಎಷ್ಟು ಜನ ಎಂದು ತಮ್ಮದೇ ರಿಜಿಸ್ಟರ್ ತೆರೆದು ನೋಡಿದ್ದರೂ ಸಾಕಿತ್ತು.

ಕೇಳಿಸಿಕೊಳ್ಳುವುದರಿಂದ ಏನಾಗುತ್ತದೆ ಎಂಬ ಪರೀಕ್ಷೆಯೂ ಅದೇ ವರ್ಷ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದದ್ದು ಕಾಕತಾಳೀಯ. ಅಚ್ಯುತ ಅಧ್ವರ್ಯು, ತೆರೆಸಾ ಮೊಲಿನಾ, ಅನಂತ್ ನ್ಯಷಧಂ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ್ದು. ಸಂಬಳ ಹೆಚ್ಚಳ ಬರಲಿದೆ ಎಂದು ಕೆಲಸಗಾರರು ಕಾಯುತ್ತಿದ್ದರು. ಬಂದದ್ದು ಅಂದುಕೊಂಡದ್ದಕ್ಕಿಂತ ಕಡಿಮೆ. ಆ ಬೇಸರದ ಹೊತ್ತಿನಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಕೆಲವರನ್ನು ಕೂರಿಸಿ, ಹೆಸರು ಹೊರಗೆ ಬಾರದ ಹಾಗೆ ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ, ತೃಪ್ತಿಯ ಬಗ್ಗೆ ಅಭಿಪ್ರಾಯ ಕೇಳಿದರು. ಉಳಿದವರನ್ನು ಕೇಳಲಿಲ್ಲ. ಸಂಬಳ ಇಬ್ಬರಿಗೂ ಅಷ್ಟೇ. ಮುಂದಿನ ತಿಂಗಳುಗಳಲ್ಲಿ, ಅಭಿಪ್ರಾಯ ಹೇಳಿದವರಲ್ಲಿ ಕೆಲಸ ಬಿಡುವುದು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು, ಗೈರುಹಾಜರಿಯೂ ಇಳಿದಿತ್ತು. ಹೆಚ್ಚು ನಿರಾಶರಾಗಿದ್ದವರಲ್ಲೇ ಪರಿಣಾಮ ಹೆಚ್ಚು.

ಈ ಫಲಿತಾಂಶ ಓದಿದಾಗ ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಭಯ. 'ನೋಡಿದ್ರಾ, ಸಂಬಳ ಜಾಸ್ತಿ ಮಾಡೋದು ಬೇಡ, ಒಂದು ಸಲಹಾ ಪೆಟ್ಟಿಗೆ ಇಟ್ಟರೆ ಸಾಕು' ಎಂದು ಹೇಳುವ ಮಾಲೀಕರು ನನಗೆ ಗೊತ್ತಿದ್ದಾರೆ. ಅದು ತಪ್ಪು ಓದು. ಕೇಳುವುದು ಒಂದು ಭರವಸೆ ಕೊಟ್ಟ ಹಾಗೆ. ಎರಡನೇ ವರ್ಷವೂ ಮೂರನೇ ವರ್ಷವೂ ಕೇಳಿ ಏನೂ ಮಾಡದಿದ್ದರೆ ಜನ ಬಾಯಿ ಮುಚ್ಚುತ್ತಾರೆ, ಆಮೇಲೆ ಬಾಗಿಲು ನೋಡುತ್ತಾರೆ. ಕ್ಯಾಂಟೀನಿನ ಪಕ್ಕ ಬೀಗ ಹಾಕಿ ತೂಗುಹಾಕಿದ ಸಲಹಾ ಪೆಟ್ಟಿಗೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಬೀಗದ ಕೈ ಎಲ್ಲಿ ಎಂದು ಕೇಳಿದರೆ ಎಚ್‌ಆರ್‌ನವರು ಅಡ್ಮಿನ್ ಕಡೆ, ಅಡ್ಮಿನ್‌ನವರು ಸೆಕ್ಯುರಿಟಿ ಕಡೆ ಕೈ ತೋರಿಸುತ್ತಾರೆ.

ಕೇಳುವ ಹೊತ್ತೂ ಮುಖ್ಯ. ನಮ್ಮ ಕಂಪನಿಗಳು ಮನಸ್ಸು ಬಿಚ್ಚಿ ಮಾತಾಡಿ ಎಂದು ಕೇಳುವುದು ಕೊನೆಯ ದಿನ, ಎಕ್ಸಿಟ್ ಇಂಟರ್‌ವ್ಯೂನಲ್ಲಿ. ರಿಲೀವಿಂಗ್ ಲೆಟರ್, ಸೆಟ್ಲ್‌ಮೆಂಟ್ ಎರಡೂ ಇನ್ನೂ ಮೇಜಿನ ಆ ಕಡೆ ಇರುವಾಗ ನಿಜ ಹೇಳುವ ಧೈರ್ಯ ಯಾರಿಗಿದೆ? ಕಾರ್ಖಾನೆಯ ರಿಜಿಸ್ಟರಿನಲ್ಲಿ ಬಿಟ್ಟ ಕಾರಣದ ಕಾಲಂ ತೆರೆದರೆ ಮೇಲಿಂದ ಕೆಳಗೆ ಒಂದೇ ರಾಗ: ಮನೆ ಸಮಸ್ಯೆ, ಊರಿಗೆ ಹೋಗುವುದು, ಮದುವೆ, ಮನೆ ದೂರ. 'ಮನೆ ದೂರ' ಎಂದು ಬರೆಸಿದವರು ಮುಂದಿನ ವಾರ ಇನ್ನೆರಡು ಕಿಲೋಮೀಟರ್ ದೂರದ ಗೇಟಿನಲ್ಲಿ ಟಿಫಿನ್ ಬಾಕ್ಸ್ ಹಿಡಿದು ನಿಂತಿರುತ್ತಾರೆ.

ಐಟಿಯವರ ಪತ್ರಗಳಿಗೆ ಬರುವುದಾದರೆ, ಅವರ ಸಿಟ್ಟು ಹೆಚ್ಚಾಗಿ ಗಂಟೆಗಳ ಸುತ್ತ ಇರುತ್ತದೆ. ದಿನಕ್ಕೆ 14 ಗಂಟೆವರೆಗೆ ಕೆಲಸ ಮಾಡಿಸಲು ಅವಕಾಶ ಕೊಡುವ ಪ್ರಸ್ತಾವ 2024ರ ಜುಲೈನಲ್ಲಿ ಸುದ್ದಿಯಾದಾಗ ಐಟಿ ನೌಕರರ ಸಂಘ ಬೀದಿಗಿಳಿದದ್ದು ಸರಿಯಾಗಿಯೇ ಇತ್ತು. ಆದರೆ ಕೂತು ಮಾತಾಡಿದರೆ, ಗಂಟೆಗಿಂತ ಹೆಚ್ಚು ಕೊರೆಯುವ ಎರಡು ಸಂಗತಿ ಹೊರಬರುತ್ತವೆ. ಒಂದು, ರೇಟಿಂಗ್. 'ನಿನ್ನ ಕೆಲಸ ಚೆನ್ನಾಗಿದೆ, ಆದರೆ ನಮ್ಮ ಟೀಮಿಗೆ ಮೇಲಿನ ರೇಟಿಂಗ್ ಕೋಟಾ ಮುಗಿದಿದೆ' ಎಂದು ಮ್ಯಾನೇಜರ್ ಹೇಳುತ್ತಾನೆ. ಹತ್ತು ಜನ ಚೆನ್ನಾಗಿ ಮಾಡಿದರೂ ಒಬ್ಬನನ್ನು ಕೆಳಗೆ ತಳ್ಳಲೇಬೇಕು ಎನ್ನುವ ಬೆಲ್ ಕರ್ವ್ ಪದ್ಧತಿಯಲ್ಲಿ ಪಕ್ಕದವನು ಸೋತರೆ ನನಗೆ ಲಾಭ. ಅಲ್ಲಿ ಸ್ನೇಹವೂ ಕಲಿಕೆಯೂ ಕಷ್ಟ. ಮೈಕ್ರೋಸಾಫ್ಟ್ ಈ ಬಗೆಯ ಶ್ರೇಣೀಕರಣವನ್ನು 2013ರಲ್ಲೇ ಕೈಬಿಟ್ಟಿತು. ಎರಡು, ತೊಂಬತ್ತು ದಿನದ ನೋಟಿಸ್ ಪೀರಿಯಡ್. ಹೊಸ ಕಂಪನಿ ಅಷ್ಟು ದಿನ ಕಾಯುವುದಿಲ್ಲ, ಹಳೆಯ ಕಂಪನಿ ಬಿಡುವುದಿಲ್ಲ. ಉಸಿರುಗಟ್ಟಿಸುವ ಟೀಮಿನಲ್ಲಿ ಇರುವವನಿಗೆ ಹೊರಗೆ ಹೋಗುವ ಬಾಗಿಲು ಇದೆ ಎಂಬ ಅರಿವೇ ಅರ್ಧ ಔಷಧಿ. ನೋಟಿಸ್ ಪೀರಿಯಡ್ಡನ್ನು ಉದ್ದ ಮಾಡಿದವರು ಆ ಬಾಗಿಲಿಗೆ ಚಿಲಕ ಹಾಕಿದ್ದಾರೆ. ಜನ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದಕ್ಕೂ ಬಿಟ್ಟು ಹೋಗಲಾಗದ ಹಾಗೆ ಮಾಡುವುದಕ್ಕೂ ವ್ಯತ್ಯಾಸ ಗೊತ್ತಿರುವ ಎಚ್‌ಆರ್ ಮುಖ್ಯಸ್ಥರು ಸಿಕ್ಕರೆ ಅದು ಒಳ್ಳೆಯ ಕಂಪನಿ.

ಕಾನೂನು ಮಾಡಿದರೆ ಇದೆಲ್ಲ ಸರಿಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಅರ್ಧ ಹೋಗುತ್ತದೆ. ನಿಂತೇ ಕೆಲಸ ಮಾಡಬೇಕಾದವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಅಂಗಡಿಯ ಹೆಣ್ಣುಮಕ್ಕಳಿಗೆ ಆ ಸ್ಟೂಲು ಸಿಗಲು ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಮಾರಾಟಗಾರ್ತಿಯರು ವರ್ಷಗಟ್ಟಲೆ ಹೋರಾಡಬೇಕಾಯಿತು. ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದದ್ದು 2018ರಲ್ಲಿ, ತಮಿಳುನಾಡು 2021ರಲ್ಲಿ. ಕಾನೂನು ಬಂದ ಮೇಲೂ ಸ್ಟೂಲು ಇದ್ದು ಕೂರುವಂತಿಲ್ಲದ ಅಂಗಡಿಗಳಿವೆ. ಗಿರಾಕಿ ಇಲ್ಲದ ಮಧ್ಯಾಹ್ನ ಆಕೆ ಸ್ಟೂಲಿನ ಕಡೆ ಒಮ್ಮೆ, ಸಿಸಿಟಿವಿ ಕಡೆ ಒಮ್ಮೆ ನೋಡಿ, ಸೀರೆಯ ಕಪಾಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ.

ಈಚೆಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಮುಟ್ಟಿನ ರಜೆಯದ್ದು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ವೇತನ ಸಹಿತ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ, ಐಟಿ, ಅಂಗಡಿ, ಪ್ಲಾಂಟೇಷನ್ ಎಲ್ಲವೂ ಸೇರಿ. ಉದ್ಯಮದವರ ಆಕ್ಷೇಪಗಳೂ ಬಂದವು. 'ದುರುಪಯೋಗ ಆಗದಂತೆ ನೋಡಿಕೊಳ್ಳುವುದು ಹೇಗೆ' ಎಂದು ಒಂದಿಬ್ಬರು ಎಚ್‌ಆರ್ ಮ್ಯಾನೇಜರ್‌ಗಳು ನನಗೂ ಬರೆದಿದ್ದಾರೆ. ಅವರಿಗೆ ನಾನು ತಿರುಗಿ ಕೇಳಿದ್ದು: ಆ ರಜೆಯ ಅರ್ಜಿ ನಿಮ್ಮಲ್ಲಿ ಯಾರ ಕೈಗೆ ಹೋಗುತ್ತದೆ? ಗಾರ್ಮೆಂಟ್ಸ್ ಲೈನಿನ ಆ ಸೂಪರ್‌ವೈಸರ್ ಮುಂದೆ, ಎಲ್ಲರಿಗೂ ಕೇಳುವ ಹಾಗೆ, 'ಸಾರ್, ಇವತ್ತು ಆ ರಜ ಬೇಕು' ಎಂದು ಎಷ್ಟು ಜನ ಕೇಳಿಯಾರು? ಕೇಳುವವರು ಇಲ್ಲದೆ ವರ್ಷದ ಕೊನೆಗೆ ಅಂಕಿ ಸೊನ್ನೆ ಬಂದರೆ, ನಮ್ಮ ಹೆಣ್ಣುಮಕ್ಕಳಿಗೆ ಇದರ ಅಗತ್ಯವೇ ಇಲ್ಲ ಎಂದು ಯಾರಾದರೂ ಭಾಷಣ ಮಾಡುತ್ತಾರೆ.

ಆದ್ದರಿಂದ ನಾನು ಹೇಳುವುದು ಫಾರಂ ಮಟ್ಟದ ಮಾತು. ಸೂಪರ್‌ವೈಸರ್ ಸಹಿಯ ಜಾಗವನ್ನು ಆ ಅರ್ಜಿಯಿಂದ ತೆಗೆದುಹಾಕಿ. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಟೈಮ್ ಆಫೀಸಿನ ನಂಬರಿಗೆ ಒಂದು ಮೆಸೇಜ್ ಬಂದರೆ ಸಾಕು ಎಂದು ಮಾಡಿ. ಆ ನಂಬರನ್ನು ನೋಡಿಕೊಳ್ಳುವವರು ಹೆಣ್ಣುಮಕ್ಕಳಾಗಿರಲಿ. ಲೈನಿಗೆ ಹೋಗುವ ಪಟ್ಟಿಯಲ್ಲಿ ಯಾರು ಇವತ್ತು ಇಲ್ಲ ಎಂದಷ್ಟೇ ಇರಲಿ, ಯಾವ ರಜೆ ಎಂದು ಇರುವುದು ಬೇಡ. ಅಂದಿನ ಟಾರ್ಗೆಟ್ ಬೋರ್ಡಿಗೆ ಬರೆಯುವ ಮೊದಲು ಅಷ್ಟು ಕೈ ಕಡಿಮೆ ಎಂದು ಲೆಕ್ಕ ಹಿಡಿಯಿರಿ, ಇಲ್ಲವೇ ಹೆಚ್ಚುವರಿ ಟೈಲರನ್ನು ಕೂರಿಸಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ, ಸಲಹೆಗಾರರೂ ಬೇಡ. ಒಬ್ಬ ಮ್ಯಾನೇಜರ್ ಇದನ್ನು ಓದಿ, ಉತ್ಪಾದನಾ ವಿಭಾಗದವರು ಒಪ್ಪುವುದಿಲ್ಲ ಸಾರ್ ಎಂದು ಬರೆದಿದ್ದಾರೆ. ಅವರನ್ನು ಒಪ್ಪಿಸುವುದಕ್ಕೇ ನಿಮಗೆ ಸಂಬಳ ಎಂದು ಉತ್ತರ ಕಳಿಸಿದ್ದೇನೆ.